ಅಜ್ಜನ ಪುಸ್ತಕದಲ್ಲಿ ಡಿಸೆಂಬರ್ 21, ಕ್ಯಾಲೆಂಡರಿನಲ್ಲಿ ಜುಲೈ 3: ಸಂತ ತೋಮರ ಹಬ್ಬ ಯಾವಾಗ?

ಪ್ರಶ್ನೆ: ನಾನು ಹಾಸನದವಳು. ಮದುವೆಯಾಗಿ ಮೂಡಿಗೆರೆ ಕಡೆ ಬಂದಿದ್ದೇನೆ. ತವರಿನಲ್ಲಿ ಕನ್ನಡ, ಗಂಡನ ಮನೆಯಲ್ಲಿ ಕೊಂಕಣಿ. ಡಿಸೆಂಬರ್ 21ಕ್ಕೆ ನಮಗೆ ಗಂಡು ಮಗು ಹುಟ್ಟಿತು. ನನ್ನ ಅಜ್ಜನ ಹಳೆಯ ಜಪದ ಪುಸ್ತಕದಲ್ಲಿ ಆ ದಿನ ಸಂತ ತೋಮರ, ಅಂದರೆ ಥಾಮಸರ, ಹಬ್ಬ ಎಂದಿದೆ. ಅದಕ್ಕೇ ಥಾಮಸ್ ಎಂದು ಹೆಸರಿಟ್ಟು ದೀಕ್ಷಾಸ್ನಾನ ಮಾಡಿಸಿದೆವು. ಈಗ ಅತ್ತೆಯವರು ಕ್ಯಾಲೆಂಡರ್ ತೋರಿಸಿ, 'ಅವತ್ತು ಪೀಟರ್ ಕನಿಸಿಯುಸ್ ಅನ್ನುವ ಬೇರೆ ಸಂತರ ದಿನ, ತೋಮರ ಹಬ್ಬ ಜುಲೈ 3' ಅಂತಾರೆ. ಪಕ್ಕದ ಮನೆಯವರು 'ಹಳೇ ಸಂತರನ್ನೆಲ್ಲ ರೋಮಿನವರು ತೆಗೆದುಹಾಕಿದ್ದಾರೆ' ಅಂತಾರೆ. ಮಗನ ಹೆಸರಿನ ಹಬ್ಬ, ಅಂದರೆ ಅವನ ಹೆಸರಿನ ಸಂತರ ದಿನ, ಯಾವತ್ತು ಮಾಡಬೇಕು? ಒಬ್ಬ ಸಂತರಿಗೆ ಎರಡು ದಿನ ಹೇಗೆ? ತಪ್ಪು ದಿನ ಮಾಡಿದರೆ ಮಗುವಿಗೆ ಏನಾದರೂ ಆಗುತ್ತಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಇರಬೇಕು. ಮಗುವಿಗೆ ಏನೂ ಆಗುವುದಿಲ್ಲ ತಾಯಿ. ಸಂತರ ಹಬ್ಬದ ದಿನ ಅಂದರೆ ನಕ್ಷತ್ರ ಅಲ್ಲ, ರಾಶಿ ಅಲ್ಲ, ಗಳಿಗೆ ಅಲ್ಲ. ದಿನ ತಪ್ಪಿದರೆ ಸಂತರು ಮುನಿಸಿಕೊಳ್ಳುತ್ತಾರೆ ಎಂದು ಧರ್ಮಸಭೆ ಯಾವತ್ತೂ ಕಲಿಸಿಲ್ಲ. ನಾನು ಇಪ್ಪತ್ತೆಂಟು ವರ್ಷ ಭಾನುವಾರದ ಧರ್ಮೋಪದೇಶದ ತರಗತಿ ತೆಗೆದುಕೊಂಡಿದ್ದೇನೆ. ಈ ಭಯ ಎಷ್ಟು ಮನೆಗಳಲ್ಲಿ ಇದೆ ಎಂಬುದು ನನಗೆ ಗೊತ್ತು.

ಇನ್ನು ನೇರ ಉತ್ತರ: ಈಗ ನಾವು ಪಾಲಿಸುವ ರೋಮನ್ ಪಂಚಾಂಗದ ಪ್ರಕಾರ ಪ್ರೇಷಿತ, ಅಂದರೆ ಯೇಸುವಿನ ಹನ್ನೆರಡು ಮಂದಿ ಆಪ್ತ ಶಿಷ್ಯರಲ್ಲಿ ಒಬ್ಬರಾದ, ಸಂತ ತೋಮರ ಹಬ್ಬ ಜುಲೈ 3. ನಿಮ್ಮ ಅತ್ತೆ ಹೇಳಿದ್ದು ಸರಿ. ನಿಮ್ಮ ಅಜ್ಜನ ಪುಸ್ತಕವೂ ತಪ್ಪಲ್ಲ. ಅದು ಅಚ್ಚಾದ ಕಾಲಕ್ಕೆ ಡಿಸೆಂಬರ್ 21ರಂದೇ ಹಬ್ಬ ಇತ್ತು. ನಡುವೆ ಏನಾಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಗೊತ್ತಾದರೆ ಅತ್ತೆಗೂ ನಿಮಗೂ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ.

ಸಂತರಿಗೆ ಒಂದು ದಿನ ಅಂತ ಗೊತ್ತುಮಾಡುವ ರೂಢಿ ಶುರುವಾದದ್ದು ಸಮಾಧಿಗಳ ಹತ್ತಿರ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇಂದಿನ ಟರ್ಕಿ ದೇಶದಲ್ಲಿ ಇಜ್ಮಿರ್ ಎಂಬ ಊರಿದೆ. ಆಗ ಅದರ ಹೆಸರು ಸ್ಮುರ್ನ. ಅಲ್ಲಿನ ಧರ್ಮಾಧ್ಯಕ್ಷ ಪಾಲಿಕಾರ್ಪರನ್ನು ಸುಮಾರು 155ನೇ ಇಸವಿಯಲ್ಲಿ ಕೊಂದರು. ಯೇಸುವನ್ನು ನಿಂದಿಸು, ಬಿಟ್ಟುಬಿಡುತ್ತೇವೆ ಎಂದು ಅಧಿಕಾರಿ ಹೇಳಿದಾಗ ಆ ವೃದ್ಧರು, 86 ವರ್ಷದಿಂದ ಅವರ ಸೇವೆ ಮಾಡಿದ್ದೇನೆ, ಅವರು ನನಗೆ ಯಾವ ಕೆಡುಕೂ ಮಾಡಿಲ್ಲ, ಹೇಗೆ ನಿಂದಿಸಲಿ ಎಂದರಂತೆ. ಆ ಊರಿನ ಕ್ರೈಸ್ತರು ಬರೆದ ಪತ್ರ ಇವತ್ತಿಗೂ ಉಳಿದಿದೆ. ಅವರ ಮೂಳೆಗಳನ್ನು ಆರಿಸಿ ತಂದು ಒಂದು ಕಡೆ ಇಟ್ಟೆವು, ವರ್ಷಕ್ಕೊಮ್ಮೆ ಅಲ್ಲೇ ಸೇರಿ ಅವರ 'ಹುಟ್ಟುಹಬ್ಬ' ಮಾಡುತ್ತೇವೆ ಎಂದು ಅದರಲ್ಲಿ ಬರೆದಿದ್ದಾರೆ. ಸತ್ತ ದಿನವನ್ನು ಹುಟ್ಟುಹಬ್ಬ ಎಂದು ಕರೆದರು, ನೋಡಿ. ಪರಲೋಕದಲ್ಲಿ ಹುಟ್ಟಿದ ದಿನ ಅಂತ. ಇವತ್ತಿಗೂ ಹೆಚ್ಚಿನ ಸಂತರ ಹಬ್ಬ ಅವರು ತೀರಿಕೊಂಡ ದಿನವೇ.

ರೋಮ್ ನಗರದ 354ನೇ ಇಸವಿಯ ಒಂದು ಪಟ್ಟಿ ಉಳಿದು ಬಂದಿದೆ. ನನಗೆ ಬಹಳ ಪ್ರಿಯವಾದ ಪಟ್ಟಿ ಅದು. ಅದರಲ್ಲಿ ಸಂತರ ಪವಾಡಗಳಿಲ್ಲ, ಸ್ತುತಿ ಇಲ್ಲ, ಕಥೆ ಇಲ್ಲ. ದಿನಾಂಕ, ಹೆಸರು, ಜಾಗ, ಇಷ್ಟೇ. ಜನವರಿ 20, ಸೆಬಾಸ್ಟಿಯನ್, ಕಟಕೊಂಬದಲ್ಲಿ, ಅಂದರೆ ನೆಲದಡಿಯ ಸಮಾಧಿಯಲ್ಲಿ. ಆಗಸ್ಟ್ 10, ಲಾರೆನ್ಸ್, ಟಿಬುರ್ತಿನಾ ರಸ್ತೆಯಲ್ಲಿ. ಅಂದರೆ ಆ ದಿನ ಜನ ಎಲ್ಲಿ ಸೇರಬೇಕು ಎಂದು ತಿಳಿಸುವ ಪಟ್ಟಿ. ನಮ್ಮ ಕಡೆ ನವೆಂಬರ್ 2ರಂದು, ಸತ್ತವರ ಹಬ್ಬದ ದಿನ, ಸಮಾಧಿ ತೊಳೆದು, ಸೇವಂತಿಗೆ ಹೂ ಇಟ್ಟು, ಮೇಣದಬತ್ತಿ ಹಚ್ಚುತ್ತೇವಲ್ಲ, ಹೆಚ್ಚುಕಮ್ಮಿ ಅದೇ. ಸೆಬಾಸ್ಟಿಯನ್ನರಿಗೂ ಲಾರೆನ್ಸರಿಗೂ ಅವೇ ದಿನಗಳು ಇಂದಿಗೂ ನಡೆದು ಬಂದಿವೆ. 1,670 ವರ್ಷಕ್ಕೂ ಜಾಸ್ತಿ ಆಯಿತು.

ಸತ್ತ ದಿನ ಬಿಟ್ಟು ಹುಟ್ಟಿದ ದಿನವನ್ನು ಹಬ್ಬ ಮಾಡುವುದು ಮೂವರಿಗೆ ಮಾತ್ರ. ಯೇಸುಸ್ವಾಮಿಗೆ ಡಿಸೆಂಬರ್ 25, ಮರಿಯಮ್ಮನವರಿಗೆ ಸೆಪ್ಟೆಂಬರ್ 8, ಸ್ನಾನಿಕ ಯೊವಾನ್ನರಿಗೆ ಜೂನ್ 24. ಸೆಪ್ಟೆಂಬರ್ 8 ಅಂದರೆ ನಿಮ್ಮ ಅತ್ತೆಯ ಮನೆಯ ಮೊಂತಿ ಹಬ್ಬ. ಹೊಸ ತೆನೆ ಆಶೀರ್ವದಿಸಿ, ಮನೆಗೆ ತಂದು, ಅಕ್ಕಿ ಕಾಳು ಬಿಡಿಸಿ ಹಾಲಿಗೆ ಹಾಕಿ ಎಲ್ಲರೂ ಒಟ್ಟಿಗೆ ಕುಡಿಯುವ ಹಬ್ಬ. ಆ ಹೊತ್ತಿಗೆ ನಮ್ಮ ಮಲೆನಾಡಿನ ಗದ್ದೆ ಇನ್ನೂ ಹಚ್ಚಹಸಿರು, ಕೊಯ್ಲು ನವೆಂಬರ್ ಮೇಲೆಯೇ. ಹಬ್ಬ ಕರಾವಳಿಯ ಬೇಸಾಯದ ಲೆಕ್ಕ ಹೊತ್ತುಕೊಂಡು ಘಾಟಿ ಹತ್ತಿ ಬಂದಿದೆ. ಬಂದವರು ದಿನ ಬದಲಿಸಲಿಲ್ಲ. ಹಾಗೆ ಉಳಿಸಿಕೊಂಡದ್ದೂ ನನಗೆ ಸರಿ ಅನಿಸುತ್ತದೆ.

ಸತ್ತ ದಿನ ಗೊತ್ತಿಲ್ಲದಿದ್ದರೆ? ಆಗ ಇನ್ನೊಂದು ದಾರಿ ಇತ್ತು. ಸಂತರ ಅವಶೇಷಗಳನ್ನು, ಅಂದರೆ ಮೂಳೆಗಳನ್ನು, ಒಂದು ಊರಿನಿಂದ ಇನ್ನೊಂದು ಊರಿಗೆ ತಂದ ದಿನವನ್ನೇ ಹಬ್ಬ ಮಾಡುವುದು. ನಿಮ್ಮ ಮಗನ ಸಂತರ ವಿಷಯ ಇಲ್ಲಿಗೆ ಬಂದು ಸೇರುತ್ತದೆ.

ಸಂತ ತೋಮರ ಬಗ್ಗೆ ಒಂದು ಬೇಸರ ನನಗೆ ಚಿಕ್ಕಂದಿನಿಂದ ಇದೆ. ಎಲ್ಲರೂ ಅವರನ್ನು 'ಸಂದೇಹದ ತೋಮ' ಎಂದೇ ಕರೆಯುತ್ತಾರೆ. ಯೇಸು ಪುನರುತ್ಥಾನರಾಗಿ ಕಾಣಿಸಿಕೊಂಡಾಗ ತೋಮ ಅಲ್ಲಿರಲಿಲ್ಲ. ಉಳಿದವರು ಹೇಳಿದ್ದನ್ನು ನಂಬಲಿಲ್ಲ. ಗಾಯದಲ್ಲಿ ಬೆರಳಿಟ್ಟು ನೋಡಿದ ಹೊರತು ನಂಬುವುದಿಲ್ಲ ಎಂದರು. ಇಷ್ಟನ್ನೇ ಮಕ್ಕಳಿಗೆ ಹೇಳಿ ಮುಗಿಸುತ್ತಾರೆ. ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯ ತೆಗೆದು ನೋಡಿ. ಯೇಸು ಜುದೇಯಕ್ಕೆ ಹೊರಟಿದ್ದಾರೆ. ಅಲ್ಲಿ ಅವರನ್ನು ಕಲ್ಲೆಸೆದು ಕೊಲ್ಲಲು ಜನ ಕಾದಿದ್ದಾರೆ. ಶಿಷ್ಯರೆಲ್ಲ ಹಿಂಜರಿಯುತ್ತಾರೆ. ಆಗ ನಾವೂ ಹೋಗಿ ಅವರೊಡನೆ ಸಾಯೋಣ ಎಂದವರು ಇದೇ ತೋಮ. 14ನೇ ಅಧ್ಯಾಯದಲ್ಲಿ, ನೀವು ಎಲ್ಲಿಗೆ ಹೋಗುತ್ತೀರೋ ನಮಗೆ ಗೊತ್ತಿಲ್ಲ, ದಾರಿ ಹೇಗೆ ತಿಳಿಯಬೇಕು ಎಂದು ನೇರವಾಗಿ ಕೇಳಿದವರೂ ಅವರೇ. ಆ ಪ್ರಶ್ನೆ ಕೇಳಿದ್ದರಿಂದಲೇ ನಾನೇ ದಾರಿ, ಸತ್ಯ, ಜೀವ ಎಂಬ ಉತ್ತರ ನಮಗೆಲ್ಲ ಸಿಕ್ಕಿತು. ಕೊನೆಗೆ 20ನೇ ಅಧ್ಯಾಯದಲ್ಲಿ ಯೇಸುವನ್ನು ನೋಡಿದ ಮೇಲೆ 'ನನ್ನ ಪ್ರಭು, ನನ್ನ ದೇವರು' ಎಂದರು. ಬಲಿಪೂಜೆಯಲ್ಲಿ ಗುರುಗಳು ರೊಟ್ಟಿಯನ್ನು ಎತ್ತಿ ತೋರಿಸುವಾಗ ನಮ್ಮ ಅಜ್ಜಿಯಂದಿರು ಮೆಲ್ಲಗೆ ಹೇಳುತ್ತಿದ್ದದ್ದು ಇದೇ ಮಾತು. ಅಂಥವರ ಹೆಸರನ್ನು ನಿಮ್ಮ ಮಗನಿಗೆ ಇಟ್ಟಿದ್ದೀರಿ. ಸಂತೋಷಪಡಿ.

ಪರಂಪರೆಯ ಪ್ರಕಾರ ತೋಮರು 52ನೇ ಇಸವಿಯಲ್ಲಿ ಕೇರಳದ ಕೊಡುಂಗಲ್ಲೂರಿಗೆ ಬಂದರು, 72ರಲ್ಲಿ ಚೆನ್ನೈನ ಮೈಲಾಪುರದ ಹತ್ತಿರ ರಕ್ತಸಾಕ್ಷಿಯಾದರು. ಅವರ ಅವಶೇಷಗಳು ಅಲ್ಲಿಂದ ಎದೆಸ್ಸಾ ಎಂಬ ಊರಿಗೆ ಹೋದವು. ಇಂದಿನ ಟರ್ಕಿಯ ಉರ್ಫಾ ಅದು. ಒಬ್ಬ ವರ್ತಕ ಅವನ್ನು ಇಂಡಿಯಾದಿಂದ ತಂದ ಎಂದು ನಾಲ್ಕನೇ ಶತಮಾನದಲ್ಲಿ ಸಂತ ಎಫ್ರೇಮರು ತಮ್ಮ ಹಾಡುಗಳಲ್ಲಿ ಹಾಡಿದ್ದಾರೆ. ಅವಶೇಷ ಎದೆಸ್ಸಾ ಸೇರಿದ ನೆನಪಿಗೆ ಸಿರಿಯಾಕ್ ಸಂಪ್ರದಾಯದವರು ಜುಲೈ 3 ಅನ್ನು ಇಟ್ಟುಕೊಂಡರು. ಕೇರಳದ ತೋಮಾ ಕ್ರೈಸ್ತರಿಗೂ ತಲತಲಾಂತರದಿಂದ ಅದೇ ದಿನ. ಅವರು ಅದನ್ನು 'ದುಕ್ರಾನಾ' ಎನ್ನುತ್ತಾರೆ. ಸಿರಿಯಾಕ್ ಭಾಷೆಯಲ್ಲಿ ಹಾಗಂದರೆ ನೆನಪು. ನಿಮ್ಮ ಜಿಲ್ಲೆಯಲ್ಲೇ ಎನ್.ಆರ್.ಪುರ, ಬಾಳೆಹೊನ್ನೂರಿನ ಕಡೆ ನೆಲೆಸಿರುವ ಮಲಯಾಳಿ ಕ್ರೈಸ್ತ ಕುಟುಂಬಗಳನ್ನು ಕೇಳಿ ನೋಡಿ. ಅವರ ಅಜ್ಜನ ಪುಸ್ತಕದಲ್ಲಿ ಡಿಸೆಂಬರ್ 21 ಇರುವುದಿಲ್ಲ, ಜುಲೈ 3 ಇರುತ್ತದೆ.

ರೋಮನ್ ವಿಧಿಯವರಾದ ನಾವು ಮಾತ್ರ ಡಿಸೆಂಬರ್ 21ಕ್ಕೆ ಮಾಡುತ್ತಿದ್ದೆವು. 1969ರಲ್ಲಿ ಪೋಪ್ ಆರನೇ ಪೌಲರು ಇಡೀ ಪಂಚಾಂಗವನ್ನು ತಿದ್ದಿದರು. ಅದು 1970ರ ಜನವರಿ 1ರಿಂದ ಜಾರಿಗೆ ಬಂತು. ವರ್ಷದ ಎಷ್ಟೋ ದಿನಗಳು ಸಂತರ ಹಬ್ಬಗಳಿಂದ ತುಂಬಿಹೋಗಿ ಕ್ರಿಸ್ತಜಯಂತಿಗೆ ಮುಂಚಿನ ಆಗಮನಕಾಲ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲಗಳೇ ಮಂಕಾಗಿದ್ದವು. ಡಿಸೆಂಬರ್ 17ರಿಂದ 24ರವರೆಗೆ ಕ್ರಿಸ್ತಜಯಂತಿಗೆ ನೇರ ಸಿದ್ಧತೆಯ ದಿನಗಳು. ಅದರ ನಡುವೆ ಪ್ರೇಷಿತರ ದೊಡ್ಡ ಹಬ್ಬ ಬಂದರೆ ಆ ಸಿದ್ಧತೆಯ ಪ್ರಾರ್ಥನೆಗಳು ಪಕ್ಕಕ್ಕೆ ಸರಿಯುತ್ತವೆ. ಹಾಗಾಗಿ ತೋಮರ ಹಬ್ಬವನ್ನು ಪೂರ್ವದ ಸಂಪ್ರದಾಯದ ಜುಲೈ 3ಕ್ಕೆ ತಂದರು. ಇಂಡಿಯಾದವರಾದ ನಮಗೆ ಇದರಿಂದ ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ಇಲ್ಲಿಗೇ ಬಂದು ಇಲ್ಲೇ ಸತ್ತ ಪ್ರೇಷಿತರ ಹಬ್ಬವನ್ನು ಕೇರಳದವರು ಒಂದು ದಿನ, ನಾವು ಇನ್ನೊಂದು ದಿನ ಮಾಡುವುದು ನಿಂತಿತು.

ಈಗ ನಿಮ್ಮ ಅತ್ತೆ ತೋರಿಸಿದ ಪೀಟರ್ ಕನಿಸಿಯುಸ್. ಇವರು ಯೇಸುಸಭೆಯ, ಅಂದರೆ ಜೆಸ್ವಿಟ್ ಸಂಘದ, ಡಚ್ ಗುರುಗಳು. 1597ರ ಡಿಸೆಂಬರ್ 21ರಂದು ಸ್ವಿಟ್ಜರ್ಲೆಂಡಿನ ಫ್ರಿಬರ್ಗಿನಲ್ಲಿ ತೀರಿಕೊಂಡರು. 1925ರಲ್ಲಿ ಸಂತ ಪದವಿ ಸಿಕ್ಕಿತು. ಆದರೆ ಆಗ ಡಿಸೆಂಬರ್ 21ರಲ್ಲಿ ಪ್ರೇಷಿತ ತೋಮರು ಕೂತಿದ್ದರಲ್ಲ? ಅದಕ್ಕೆ ಇವರಿಗೆ ಏಪ್ರಿಲ್ 27 ಕೊಟ್ಟಿದ್ದರು. ತೋಮರು ಜುಲೈಗೆ ಹೋದ ಮೇಲೆ ಇವರು ತಾವು ಸತ್ತ ದಿನಕ್ಕೇ ಬಂದರು. ನನಗೆ ಈ ಸಂತರ ಮೇಲೆ ವಿಶೇಷ ಪ್ರೀತಿ. ಧರ್ಮೋಪದೇಶವನ್ನು ಪ್ರಶ್ನೆ-ಉತ್ತರದ ರೂಪದಲ್ಲಿ ಬರೆದವರಲ್ಲಿ ಪ್ರಮುಖರು. ಅವರ ಮೊದಲ ಪುಸ್ತಕ 1555ರದ್ದು. ಆಮೇಲೆ ಚಿಕ್ಕ ಮಕ್ಕಳಿಗೆ ಒಂದು, ಸ್ವಲ್ಪ ದೊಡ್ಡವರಿಗೆ ಒಂದು ಅಂತ ಬೇರೆ ಬೇರೆ ಬರೆದರು. ಮಗುವಿನ ವಯಸ್ಸು ನೋಡಿ ಪಾಠ ಬರೆಯಬೇಕು ಅನ್ನುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಹಳೇ ಸಂತರನ್ನೆಲ್ಲ ತೆಗೆದುಹಾಕಿದರು ಅನ್ನುವ ಮಾತು ಇದೇ 1969ರ ಬದಲಾವಣೆಯಿಂದ ಹುಟ್ಟಿದ್ದು. ಅದು ನಿಜವಲ್ಲ. ಇಡೀ ಲೋಕಕ್ಕೆ ಒಂದೇ ಆದ ಪಂಚಾಂಗದಿಂದ ಕೆಲವು ಹೆಸರುಗಳನ್ನು ಕೈಬಿಟ್ಟರು, ಆಯಾ ಊರಿನವರು ಬೇಕಾದರೆ ಮಾಡಿಕೊಳ್ಳಲಿ ಅಂತ. ಜುಲೈ 25ರ ಸಂತ ಕ್ರಿಸ್ಟೋಫರ್ ಹಾಗೆ ಹೋದವರು. ಪ್ರಯಾಣಿಕರ ಪಾಲಕರು ಅಂತ ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವ ಕೆಲವು ಡ್ರೈವರ್‌ಗಳ ಕೀ ಗೊಂಚಲಿನಲ್ಲಿ ಅವರ ಪದಕ ಇರುತ್ತದೆ. ಅದನ್ನು ತೆಗೆದಿಡಬೇಕಾಗಿಲ್ಲ. ಸಂತರ ದೊಡ್ಡ ಪಟ್ಟಿಯಲ್ಲಿ, ಅಂದರೆ ರೋಮನ್ ಮಾರ್ಟಿರಾಲಜಿಯಲ್ಲಿ, ಅವರ ಹೆಸರು ಇದ್ದೇ ಇದೆ. ಫೆಬ್ರವರಿ 14ರ ವ್ಯಾಲೆಂಟೈನರೂ ಅಷ್ಟೇ. ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನ್ 1969ರಲ್ಲಿ ಪಂಚಾಂಗದಿಂದ ಹೋಗಿ 2002ರಲ್ಲಿ ನವೆಂಬರ್ 25ಕ್ಕೇ ವಾಪಸು ಬಂದರು. ಯಾರ ಸಂತ ಪದವಿಯನ್ನೂ ಯಾರೂ ಕಿತ್ತುಕೊಂಡಿಲ್ಲ.

ದಿನ ಸರಿಯುವುದು ಹೊಸದೇನಲ್ಲ ಅನ್ನುವುದಕ್ಕೆ ನಮ್ಮ ಸುತ್ತಮುತ್ತಲೇ ಬೇಕಾದಷ್ಟು ಉದಾಹರಣೆ ಇದೆ. ಮೂಡಿಗೆರೆಯಿಂದ ಕಾರ್ಕಳದ ಅತ್ತೂರಿಗೆ ನೀವೂ ಹೋಗಿರುತ್ತೀರಿ. ಅಲ್ಲಿನ ಸಂತರು ಲಾರೆನ್ಸ್, ಮೇಲೆ ಹೇಳಿದೆನಲ್ಲ, ಟಿಬುರ್ತಿನಾ ರಸ್ತೆಯವರು. ಅವರು ರೋಮಿನಲ್ಲಿ ಸೇವಾದರ್ಶಿಯಾಗಿದ್ದರು, ಬಡವರಿಗೆ ಹಂಚುವ ಹಣ ಅವರ ಕೈಯಲ್ಲಿತ್ತು. 258ರಲ್ಲಿ ಚಕ್ರವರ್ತಿ ವಲೇರಿಯನ್ ಕಾಲದ ಹಿಂಸೆಯಲ್ಲಿ ಧರ್ಮಸಭೆಯ ಸಂಪತ್ತನ್ನು ತಂದೊಪ್ಪಿಸು ಎಂದು ಅಧಿಕಾರಿ ಹೇಳಿದಾಗ, ಅವರು ಕುಂಟರು, ಕುರುಡರು, ವಿಧವೆಯರನ್ನು ಕರೆತಂದು ನಿಲ್ಲಿಸಿ ಇದೇ ಸಂಪತ್ತು ಎಂದರು ಅನ್ನುವುದು ಪರಂಪರೆಯ ಕಥೆ. ಕಾದ ಕಬ್ಬಿಣದ ಜಾಲರಿಯ ಮೇಲೆ ಸುಟ್ಟು ಕೊಂದರು ಅನ್ನುತ್ತಾರೆ. ಅದಕ್ಕೇ ವಿಗ್ರಹದ ಕೈಯಲ್ಲಿ ಜಾಲರಿ. ಅವರ ದಿನ ಆಗಸ್ಟ್ 10. ಆದರೆ ಅತ್ತೂರಿನ ಜಾತ್ರೆ ನಡೆಯುವುದು ಜನವರಿ ಕೊನೆಯಲ್ಲಿ. ಆಗಸ್ಟಿನ ಕರಾವಳಿ ಮಳೆಯಲ್ಲಿ ಅಷ್ಟು ಜನ ಎಲ್ಲಿ ನಿಲ್ಲಬೇಕು, ಮೇಣದಬತ್ತಿ ಎಲ್ಲಿ ಹಚ್ಚಬೇಕು? ಆಗಸ್ಟ್ 10ರ ಪೂಜೆ ಆಗಸ್ಟ್ 10ಕ್ಕೇ. ಜನ ಸೇರುವ ಹಬ್ಬ ಮಾತ್ರ ಮಳೆ ಇಲ್ಲದ ಕಾಲದಲ್ಲಿ. ಎರಡೂ ಲಾರೆನ್ಸರದ್ದೇ.

ಡೋರನಹಳ್ಳಿಯ ಕಥೆ ಇದಕ್ಕೆ ತಿರುವುಮುರುವು. ನಿಮ್ಮ ತವರಿನವರು ಬಸ್ಸು ಹತ್ತಿ ಕೆ.ಆರ್.ನಗರದ ಕಡೆ ಹೋಗುವ ದಿನ ಜೂನ್ 13. ಪಾದುವಾದ ಸಂತ ಅಂತೋಣಿಯವರು 1231ರ ಅದೇ ದಿನ ತೀರಿಕೊಂಡರು. ಮಳೆಗಾಲ ಶುರುವಾಗಿದ್ದರೂ ದಿನ ಬದಲಾಗಲಿಲ್ಲ. ಹೊಲ ಉಳುವಾಗ ರೈತನೊಬ್ಬನ ನೇಗಿಲಿಗೆ ಅವರ ಮರದ ವಿಗ್ರಹ ಸಿಕ್ಕಿತು ಅನ್ನುವುದು ಅಲ್ಲಿನ ಐತಿಹ್ಯ. ಆ ರೈತ ಕ್ರೈಸ್ತನಲ್ಲ. ಅಲ್ಲಿಗೆ ಇವತ್ತು ಬರುವ ಭಕ್ತರಲ್ಲೂ ಎಷ್ಟೋ ಜನ ಕ್ರೈಸ್ತರಲ್ಲ. ಅಂತೋಣಿಯವರು ಹುಟ್ಟಿದ್ದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ, ಸತ್ತದ್ದು ಇಟಲಿಯ ಪಾದುವಾ ಹತ್ತಿರ. ಸತ್ತಾಗ ನಲವತ್ತು ವರ್ಷವೂ ಆಗಿರಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 1232ರಲ್ಲಿ, ಅವರನ್ನು ಸಂತರೆಂದು ಸಾರಿದರು. ಮಂಗಳವಾರ ಅವರಿಗೆ ನೊವೆನಾ ಪ್ರಾರ್ಥನೆ ಯಾಕೆ ಅಂತ ಮಕ್ಕಳು ಕೇಳುತ್ತಿದ್ದರು. ಅವರನ್ನು ಮಣ್ಣು ಮಾಡಿದ್ದು ಮಂಗಳವಾರ. ಇಲ್ಲೂ ಸಮಾಧಿಯ ನೆನಪೇ.

ಚಿಕ್ಕಮಗಳೂರಿನ ಪ್ರಧಾನ ದೇವಾಲಯ ಸಂತ ಜೋಸೆಫರದ್ದು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಆದಾಗಿನಿಂದ ಹಾಸನವೂ ಅದರೊಳಗೇ ಇದೆ. ಹಾಗಾಗಿ ನಿಮ್ಮ ತವರಿಗೂ ಗಂಡನ ಮನೆಗೂ ಧರ್ಮಾಧ್ಯಕ್ಷರು ಒಬ್ಬರೇ. ಜೋಸೆಫರ ದಿನ ಮಾರ್ಚ್ 19. ಅದು ತಪಸ್ಸುಕಾಲದಲ್ಲಿ ಬರುತ್ತದೆ. ಭಾನುವಾರದ ಮೇಲೆ ಬಿದ್ದರೆ ತಪಸ್ಸುಕಾಲದ ಭಾನುವಾರವೇ ದೊಡ್ಡದು, ಜೋಸೆಫರು ಸೋಮವಾರಕ್ಕೆ ಸರಿಯಬೇಕು. 2023ರಲ್ಲಿ ಹಾಗೆಯೇ ಆಯಿತು, ಮಾರ್ಚ್ 20ಕ್ಕೆ ಹಬ್ಬ. ಪವಿತ್ರ ವಾರದೊಳಗೆ ಬಿದ್ದರೆ ಗರಿಗಳ ಭಾನುವಾರಕ್ಕೆ ಮುಂಚಿನ ಶನಿವಾರಕ್ಕೇ ತರುತ್ತಾರೆ. 2008ರಲ್ಲಿ ಮಾರ್ಚ್ 15ಕ್ಕೆ ಬಂದದ್ದು ಹಾಗೆ. ಶುಕ್ರವಾರ ಬಿದ್ದರೆ? 2021ರಲ್ಲಿ ಬಿದ್ದಿತ್ತು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡುವ ಕಟ್ಟಳೆ ಆಗ ಇಲ್ಲ. ಅದು ಮಹೋತ್ಸವದ, ಅಂದರೆ ಹಬ್ಬಗಳಲ್ಲೇ ಅತಿ ದೊಡ್ಡ, ದರ್ಜೆಯ ದಿನ. ಅವತ್ತು ಮನೆಯಲ್ಲಿ ಕೋಳಿ ಸಾರು ಮಾಡಿ, ಪಾಪ ಆಯಿತಾ ಎಂದು ಕೊರಗಿದವರು ನನಗೆ ಗೊತ್ತು. ಆಗಿರಲಿಲ್ಲ. ಜೋಸೆಫರಿಗೆ ಮೇ 1ರಂದು ಇನ್ನೊಂದು ದಿನವೂ ಇದೆ. ಕಾರ್ಮಿಕರ ದಿನಕ್ಕೆ ಹೊಂದಿಸಿ 1955ರಲ್ಲಿ ಹನ್ನೆರಡನೇ ಪಯಸ್ ಪೋಪರು ಕೊಟ್ಟದ್ದು. ಕಾಫಿ ತೋಟದ ಕೆಲಸದವರು ತುಂಬಿರುವ ನಮ್ಮ ಧರ್ಮಕೇಂದ್ರಗಳಲ್ಲಿ ಆ ದಿನಕ್ಕೆ ಇನ್ನೂ ಹೆಚ್ಚು ಬೆಲೆ ಸಿಗಬೇಕು ಅನ್ನುವುದು ನನ್ನ ಬಹಳ ವರ್ಷದ ಆಸೆ.

ಒಂದು ಊರಿನ ದೇವಾಲಯದ ಪಾಲಕ ಸಂತರಿಗೆ ಆ ದೇವಾಲಯದಲ್ಲಿ ಮಹೋತ್ಸವದ ದರ್ಜೆ ಸಿಗುತ್ತದೆ. ಉಳಿದ ಕಡೆ ಅದು ಬರೀ ಸ್ಮರಣೆ ಆಗಿದ್ದರೂ ಸರಿ. ಜನರ ಅನುಕೂಲಕ್ಕೆ ಹೊರಗಿನ ಆಚರಣೆಯನ್ನು, ತೇರು, ಮೆರವಣಿಗೆ, ಊಟ ಎಲ್ಲವನ್ನೂ, ಹತ್ತಿರದ ಭಾನುವಾರಕ್ಕೆ ಇಟ್ಟುಕೊಳ್ಳುವುದಕ್ಕೂ ಅವಕಾಶ ಇದೆ. ಆದ್ದರಿಂದ ಪಕ್ಕದ ಊರಿನ ಹಬ್ಬ ಕ್ಯಾಲೆಂಡರಿಗೆ ಹೊಂದುವುದಿಲ್ಲ ಅಂತ ಯಾರಾದರೂ ಹೇಳಿದರೆ ಗಾಬರಿ ಬೇಡ.

ಶೆಟ್ಟಿಹಳ್ಳಿಯ ಮಾತು ಹೇಳದೆ ಮುಂದೆ ಹೋಗಲಾರೆ. ಹಾಸನದವರಾದ ನಿಮಗೆ ಆ ಜಾಗ ಗೊತ್ತೇ ಇರುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಎದ್ದು ಹೋಯಿತು, ದೇವಾಲಯ ನೀರಿನ ಪಾಲಾಯಿತು. ಬೇಸಿಗೆಯಲ್ಲಿ ಅದರೊಳಗೆ ನಡೆದಾಡಬಹುದು. ಮಳೆಗಾಲ ಕಳೆದ ಮೇಲೆ ಗೋಡೆಯ ಅರ್ಧಕ್ಕೆ ನೀರು. ಎಲ್ಲರೂ ಫೋಟೋ ತೆಗೆಯಲು ಹೋಗುತ್ತಾರೆ. ನನಗೆ ಅಲ್ಲಿ ನಿಂತಾಗ ಬೇರೊಂದು ಯೋಚನೆ ಬರುತ್ತದೆ. ಜಪಮಾಲೆ ಮಾತೆಯ ಹಬ್ಬ ಅಕ್ಟೋಬರ್ 7. 1571ರಲ್ಲಿ ಅದೇ ದಿನ ನಡೆದ ಲೆಪಾಂಟೋ ಸಮುದ್ರ ಯುದ್ಧದ ನೆನಪಿಗೆ ಬಂದ ದಿನ. ಅಂದರೆ ಹಬ್ಬದ ದಿನ ಆ ಹಳೆಯ ಬಲಿಪೀಠದ ಜಾಗದಲ್ಲಿ ಸಾಮಾನ್ಯವಾಗಿ ನೀರು ನಿಂತಿರುತ್ತದೆ. ಊರು ಸರಿಯಿತು, ಗೋಡೆ ಬಿತ್ತು, ಛಾವಣಿ ಇಲ್ಲ. ಅಕ್ಟೋಬರ್ 7 ಮಾತ್ರ ಇದ್ದಲ್ಲೇ ಇದೆ. ಅತ್ತೂರಿನಲ್ಲಿ ದಿನ ಸರಿಯಿತು, ಜಾಗ ಉಳಿಯಿತು. ಇಲ್ಲಿ ಜಾಗ ಹೋಯಿತು, ದಿನ ಉಳಿಯಿತು. ಎರಡರಲ್ಲೂ ನೆನಪು ಮಾಡಿಕೊಳ್ಳುವವರು ಇದ್ದಾರೆ. ನನಗೆ ಮುಖ್ಯ ಅನ್ನಿಸುವುದು ಅದು.

ಇನ್ನು ಹೆಸರಿನ ವಿಷಯ. ಹುಟ್ಟಿದ ದಿನದ ಸಂತರ ಹೆಸರನ್ನೇ ಇಡಬೇಕು ಅನ್ನುವ ನಿಯಮ ಇಲ್ಲ. ಅದು ಕೆಲವು ಮನೆಗಳ ಒಳ್ಳೆಯ ರೂಢಿ, ಅಷ್ಟೇ. 1917ರ ಧರ್ಮಸಭೆಯ ಕಾನೂನಿನಲ್ಲಿ ಸಂತರ ಹೆಸರು ಇಡಿಸಬೇಕು ಎಂದಿತ್ತು. 1983ರ ಕಾನೂನು ಅದನ್ನು ಸಡಿಲಿಸಿದೆ. ಕ್ರೈಸ್ತ ಭಾವನೆಗೆ ಒಗ್ಗದ ಹೆಸರು ಬೇಡ ಎಂದಷ್ಟೇ ಹೇಳುತ್ತದೆ. ಹಾಗಾಗಿ ಮುಂದಿನ ಮಗುವಿಗೆ ಪ್ರಕಾಶ, ಆನಂದ, ಶಾಂತಿ ಅಂತ ಇಟ್ಟರೂ ಗುರುಗಳು ದೀಕ್ಷಾಸ್ನಾನ ಕೊಡುತ್ತಾರೆ. ಅಂಥ ಮಕ್ಕಳ ಹೆಸರಿನ ಹಬ್ಬ ಯಾವಾಗ ಅಂತ ಕೇಳುವವರಿಗೆ ನಾನು ನವೆಂಬರ್ 1 ತೋರಿಸುತ್ತೇನೆ. ಸಕಲ ಸಂತರ ಮಹೋತ್ಸವ. ಹೆಸರು ಗೊತ್ತಿರುವ, ಗೊತ್ತಿಲ್ಲದ ಎಲ್ಲ ಸಂತರ ದಿನ. ನಮ್ಮ ನಾಡಿನಲ್ಲಿ ಅದೇ ದಿನ ರಾಜ್ಯೋತ್ಸವ. ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದರೆ ಬೀದಿಯಲ್ಲಿ ಹಳದಿ ಕೆಂಪು ಬಾವುಟ. ಚಿಕ್ಕಂದಿನಲ್ಲಿ ಆ ಬಾವುಟಗಳನ್ನು ಸಂತರಿಗೇ ಕಟ್ಟಿದ್ದಾರೆ ಅಂದುಕೊಂಡಿದ್ದೆ.

ಥಾಮಸ್ ಅಂದರೆ ಒಬ್ಬರೇ ಅಲ್ಲ ಅನ್ನುವುದೂ ನೆನಪಿರಲಿ. ಥಾಮಸ್ ಅಕ್ವಿನಾಸ್ ಜನವರಿ 28ಕ್ಕೆ ಇದ್ದಾರೆ. ಅವರು ಸತ್ತದ್ದು 1274ರ ಮಾರ್ಚ್ 7, ಹಬ್ಬವೂ 1969ರವರೆಗೆ ಅದೇ ದಿನ. ತಪಸ್ಸುಕಾಲದಿಂದ ಹೊರಗೆ ತರಲು ಅವರನ್ನೂ ಸರಿಸಿದರು. ಥಾಮಸ್ ಮೋರ್ ಜೂನ್ 22, ಥಾಮಸ್ ಬೆಕೆಟ್ ಡಿಸೆಂಬರ್ 29. ದಿನಾಂಕ ಹತ್ತಿರ ಬೇಕು ಅಂದರೆ ಬೆಕೆಟ್ ನಿಮ್ಮ ಮಗನ ಹುಟ್ಟುಹಬ್ಬದಿಂದ ಎಂಟೇ ದಿನ ದೂರ. ಆದರೆ ನೀವು ಹೆಸರಿಡುವಾಗ ಮನಸ್ಸಿನಲ್ಲಿ ಇದ್ದವರು ಪ್ರೇಷಿತರು. ಅವರನ್ನು ಬಿಡಬೇಡಿ.

ಒಂದು ಸಣ್ಣ ಸೇರ್ಪಡೆ, ನಿಮ್ಮ ಅತ್ತೆಯವರಿಗಾಗಿ. ಅವರಿಗೆ ಕ್ಯಾಲೆಂಡರ್ ನೋಡುವ ಅಭ್ಯಾಸ ಇದೆಯಲ್ಲ, ಜನವರಿ ತಿಂಗಳು ತೆಗೆದು ತೋರಿಸಿ. ಸಂಕ್ರಾಂತಿಯ ಹೊತ್ತಿಗೇ, ಜನವರಿ 14, ಸಂತ ದೇವಸಹಾಯಂ. ತಿರುವಾಂಕೂರು ಅರಮನೆಯ ಅಧಿಕಾರಿ, 1745ರಲ್ಲಿ ದೀಕ್ಷಾಸ್ನಾನ ಪಡೆದವರು, 1752ರಲ್ಲಿ ಗುಂಡೇಟಿಗೆ ಸತ್ತವರು. ಗುರುವಲ್ಲ, ಸನ್ಯಾಸಿಯಲ್ಲ, ಮದುವೆಯಾದ ಸಾಮಾನ್ಯ ಗೃಹಸ್ಥ. 2022ರ ಮೇ 15ರಂದು ಸಂತ ಪದವಿ ಸಿಕ್ಕಿತು. ಎರಡು ದಿನ ಬಿಟ್ಟು, ಜನವರಿ 16, ಗೋವಾದ ಸಂತ ಜೋಸೆಫ್ ವಾಜ್. 1681ರಿಂದ ಕೆಲವು ವರ್ಷ ಕೆನರಾದಲ್ಲಿ ದುಡಿದು, ಆಮೇಲೆ ಡಚ್ಚರ ಕಣ್ಣು ತಪ್ಪಿಸಿ ಶ್ರೀಲಂಕಾಕ್ಕೆ ಹೋದವರು. ಕ್ಯಾಂಡಿಯಲ್ಲಿ 1711ರಲ್ಲಿ ತೀರಿಕೊಂಡರು. ನಿಮ್ಮ ಅತ್ತೆಯವರ ಹಿರಿಯರ ಮನೆಮಾತು ಕೊಂಕಣಿಯೇ ಅವರ ಮಾತು ಕೂಡ. ನಮ್ಮ ಮಕ್ಕಳು ರೋಮಿನ ಸಂತರನ್ನು ಬಲ್ಲಷ್ಟು ಇವರನ್ನು ಬಲ್ಲವರಲ್ಲ. ಅದು ನಮ್ಮ ತಪ್ಪು, ಕಲಿಸುವವರ ತಪ್ಪು.

ಈಗ ಮಾಡಬೇಕಾದದ್ದು. ಡಿಸೆಂಬರ್ 21 ಮಗನ ಹುಟ್ಟುಹಬ್ಬ, ಅದು ಹೇಗೂ ಇದೆ. ಅವತ್ತು ಕನಿಸಿಯುಸರನ್ನೂ ನೆನೆಯಿರಿ, ಅತ್ತೆಗೆ ಸಮಾಧಾನ. ಜುಲೈ 3 ಅವನ ಹೆಸರಿನ ಹಬ್ಬ. ಆ ಹೊತ್ತಿಗೆ ನಿಮ್ಮ ಕಡೆ ಮಳೆ ಹಿಡಿದಿರುತ್ತದೆ, ಕರೆಂಟು ಹೋಗಿರುತ್ತದೆ. ದೇವಾಲಯಕ್ಕೆ ಹೋಗಲಾಗದಿದ್ದರೆ ಮನೆಯಲ್ಲೇ ದೀಪ ಹಚ್ಚಿ ಯೊವಾನ್ನರ 20ನೇ ಅಧ್ಯಾಯದ 24ರಿಂದ 29ರವರೆಗಿನ ವಚನ ಓದಿ. ಅವನು ಸ್ವಲ್ಪ ದೊಡ್ಡವನಾದ ಮೇಲೆ ಅವನಿಂದಲೇ ಓದಿಸಿ. ಒಂದು ಪಾಯಸ ಮಾಡಿದರೆ ಸಾಕು. 11ನೇ ಅಧ್ಯಾಯದ ಕಥೆಯನ್ನು ಬಾಯಲ್ಲೇ ಹೇಳಿ, ಸಂದೇಹದ ಕಥೆಗಿಂತ ಮೊದಲು.

ಅಜ್ಜನ ಪುಸ್ತಕವನ್ನು ಬಿಸಾಡಬೇಡಿ, ಅದರಲ್ಲಿ ತಿದ್ದಲೂ ಬೇಡಿ. ಅಂಥ ಪುಸ್ತಕಗಳ ಹಿಂದಿನ ಖಾಲಿ ಹಾಳೆಯಲ್ಲಿ ಮನೆಯವರ ದೀಕ್ಷಾಸ್ನಾನ, ಮದುವೆ, ಸಾವಿನ ದಿನಗಳನ್ನು ಬರೆದಿಡುವ ರೂಢಿ ಇತ್ತು. ತೆಗೆದು ನೋಡಿ, ನಿಮ್ಮ ತಾಯಿಯ ಹೆಸರೂ ಇರಬಹುದು. ಅದರ ಕೆಳಗೆ ಮಗನ ಹೆಸರು ಬರೆಯಿರಿ: ಥಾಮಸ್, ಹುಟ್ಟಿದ್ದು ಡಿಸೆಂಬರ್ 21, ಹೆಸರಿನ ಹಬ್ಬ ಜುಲೈ 3. ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸ್ಟು ಹಿಡಿಯದಂತೆ ಒಳ್ಳೆಯ ಬಿಸಿಲಿರುವಾಗ ಒಮ್ಮೆ ಗಾಳಿಗೆ ಬಿಚ್ಚಿಡಿ.